ಹೆತ್ತವರೂ ಹರೆಯದ ಪ್ರೇಮಕಥೆಯೂ

ಹದಿಹರೆಯದ ಪ್ರೇಮಕಥೆಗಳಲ್ಲಿ ತಾಯಿತಂದೆಯರಿಗೆ ಸಾಮಾನ್ಯವಾಗಿ ಎರಡೇ ವೇಷಗಳು ದೊರೆಯುತ್ತವೆ: ದಾರಿಗೆ ಅಡ್ಡಲಾಗಿ ನಿಲ್ಲುವ ವೈರಿಯ ವೇಷ ಒಂದು, ನೋಡುವವರನ್ನು ನಗಿಸುವ ವಿದೂಷಕನ ವೇಷ ಇನ್ನೊಂದು. ಮೊದಲನೆಯದನ್ನು ಕುರಿತು ನಾವು ಕಣ್ಣೀರಿಡುತ್ತೇವೆ. ಎರಡನೆಯದನ್ನು ನಕ್ಕು ಬಿಟ್ಟುಬಿಡುತ್ತೇವೆ. ಆದರೆ ತಂದೆಯ ಕೋಪವನ್ನು ಎದೆಗೊಟ್ಟು ಎದುರಿಸಬಲ್ಲ ಹುಡುಗನಿಗೂ, ಮೆಚ್ಚಿದ ಹುಡುಗಿಯ ಕಣ್ಣು ಆ ತಂದೆಯ ಮಾಸಿದ ರುಮಾಲಿನ ಮೇಲೆ ಬಿದ್ದ ಗಳಿಗೆಯಲ್ಲಿ ನೆಲ ಬಾಯ್ಬಿಡಬಾರದೇ ಎನಿಸುತ್ತದೆ. ಈ ನಾಚಿಕೆ ನಕ್ಕು ಬಿಡುವಷ್ಟು ಹಗುರವಾದುದಲ್ಲ.

ಸುರಪುರದಂತಹ ಊರಿನಲ್ಲಿ ಪಾಠ ಹೇಳುವವನಿಗೆ ಇದು ನಿತ್ಯದ ನೋಟ. ಸುತ್ತಲಿನ ಹಳ್ಳಿಗಳಿಂದ ಬರುವ ಎಷ್ಟೋ ವಿದ್ಯಾರ್ಥಿಗಳು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಅರ್ಜಿಗೆ ಹೆಬ್ಬೆಟ್ಟು ಒತ್ತುವ ತಂದೆಯನ್ನು ಗೆಳೆಯರ ಕಣ್ಣಿಗೆ ಬೀಳದಂತೆ ಮರೆಮಾಡಿ ನಿಲ್ಲುವ ಮಗನಿರುತ್ತಾನೆ. ಬಸ್ ನಿಲ್ದಾಣದಲ್ಲಿ ದೊಡ್ಡ ದನಿಯಿಂದ ಹೆಸರು ಹಿಡಿದು ಕರೆಯುವ ತಾಯಿಗೆ ಓಗೊಡದ ಮಗಳಿರುತ್ತಾಳೆ. ಇವರನ್ನು ಕೃತಘ್ನರೆಂದು ಹಳಿಯುವುದು ಸುಲಭ. ಆದರೆ ಮನೆಯ ಅಂಗಳದಲ್ಲಿ ಅದೇ ತಾಯಿಯ ದನಿ ಆ ಮಗಳಿಗೆ ಎಂದೂ ದೊಡ್ಡದೆನಿಸಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬಂದು ನಿಂತಾಗಲೇ ಅದು ಕಿವಿಗೆ ಬಡಿಯಿತು. ಹೆತ್ತವರ ಬಗೆಗಿನ ನಾಚಿಕೆ ಹುಟ್ಟುವುದು ಪರರ ಕಣ್ಣನ್ನು ಎರವಲು ಪಡೆದ ಹೊತ್ತಿನಲ್ಲಿ. ಆ ಪರರು ಪ್ರೀತಿಪಾತ್ರರೂ ಆಗಿದ್ದರೆ ನಾಚಿಕೆಗೆ ನೂರ್ಮಡಿಯ ಬಲ.

ಇಂಗ್ಲಿಷಿನ ಜೇನ್ ಆಸ್ಟೆನ್ ಈ ಮರ್ಮವನ್ನು ಚೆನ್ನಾಗಿ ಬಲ್ಲವಳು. 1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ನಾಯಕಿ ಎಲಿಜಬೆತ್‌ಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲ. ಔತಣದ ಮೇಜಿನಲ್ಲಿ ಆಕೆಯ ತಾಯಿ, ಹಿರಿಯ ಮಗಳಿಗೆ ಸಿಗಲಿರುವ ಸಿರಿವಂತ ವರನ ಸುದ್ದಿಯನ್ನು, ಗರ್ವಿಷ್ಠನಾದ ಡಾರ್ಸಿಗೆ ಕೇಳಿಸುವಷ್ಟು ಗಟ್ಟಿಯಾಗಿ ಆಡತೊಡಗುತ್ತಾಳೆ. ಮಗಳ ಮುಖ ಕೆಂಪೇರುತ್ತದೆ. ಆದರೆ ಲೇಖಕಿ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಡಾರ್ಸಿಯ ಚಿಕ್ಕಮ್ಮನ ಬಂಗಲೆಯಲ್ಲಿ ಆ ದೊಡ್ಡಸ್ತಿಕೆಯ ಹೆಂಗಸಿನ ಒರಟುತನವನ್ನು ಕಂಡು ನಾಚುವ ಸರದಿ ಅವನದಾಗುತ್ತದೆ. ಬಡವರ ಮನೆಯ ಗದ್ದಲವೂ ಸಿರಿವಂತರ ಮನೆಯ ಅಹಂಕಾರವೂ ಒಂದೇ ತಕ್ಕಡಿಗೆ ಬಂದು ಬಿದ್ದಮೇಲೆಯೇ ಆ ಇಬ್ಬರ ಪ್ರೀತಿಗೆ ಸಮತೂಕ ಬಂದಿತು.

ನಮ್ಮ ಕಾವ್ಯಪರಂಪರೆಗೆ ಈ ವಸ್ತು ಹೊಸದಲ್ಲ. ಹತ್ತನೆಯ ಶತಮಾನದ ಪಂಪನ ಭಾರತದಲ್ಲಿ ಪ್ರೇಮಜ್ವರ ತಗಲುವುದು ಪ್ರಾಯದ ದೇವವ್ರತನಿಗಲ್ಲ, ಅವನ ತಂದೆ ಶಂತನುವಿಗೆ. ಬೆಳೆದ ಮಗನೇ ಅಂಬಿಗರೊಡೆಯನ ಬಾಗಿಲಿಗೆ ಹೋಗಿ ತಂದೆಗೆ ಹೆಣ್ಣು ಕೇಳಬೇಕಾಯಿತು. ತನ್ನ ಯೌವನದ ಸುಖವನ್ನು ಅಲ್ಲಿಯೇ ತೆರಬೇಕಾಯಿತು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದ ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ ಪೂರುವೂ ತಂದೆಯ ಮುಪ್ಪನ್ನು ತಾನೇ ಹೊರುತ್ತಾನೆ. ಆದರೆ ಅಲ್ಲಿ ನವವಧು ಚಿತ್ರಲೇಖೆಯಿದ್ದಾಳೆ. ಮಗನು ತಲೆಬಾಗಿ ಹೊತ್ತ ಹೊರೆಯನ್ನು, ಇದು ನ್ಯಾಯವೇ ಎಂದು ಮಾವನ ಮುಖಕ್ಕೆ ಕೇಳಿದವಳು ಹೊರಗಿನಿಂದ ಬಂದ ಆ ಸೊಸೆ. ಪರರ ಕಣ್ಣು ಕೆಲವೊಮ್ಮೆ ಮನೆಯವರಿಗೆ ಕಾಣದ ಸತ್ಯವನ್ನೂ ಕಾಣಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಎರವಲು ಕಣ್ಣಿನ ಇನ್ನೊಂದು ಬಗೆಗೆ ನಮ್ಮ ಸುರಪುರದ ಇತಿಹಾಸವೇ ಉದಾಹರಣೆ. 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬಂದಾಗ ನಾಲ್ವಡಿ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಟೇಲರನನ್ನು ಅವನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಹೆತ್ತ ತಾಯಿ ರಾಣಿ ಈಶ್ವರಮ್ಮ, ಅರಮನೆಯ ಅಧಿಕಾರದ ಜಗ್ಗಾಟದಲ್ಲಿ ಟೇಲರನ ಎದುರು ಪಕ್ಷದವಳು. 1877ರಲ್ಲಿ, ಟೇಲರನ ಮರಣಾನಂತರ ಅಚ್ಚಾದ ಅವನ ಆತ್ಮಕಥೆಯಲ್ಲಿ ಆಕೆಯ ನಡತೆಯನ್ನು ಕುರಿತು ಬಲು ಕಟುವಾದ ಮಾತುಗಳಿವೆ. ತನ್ನ ಪರವಾಗಿ ನುಡಿಯುವ ಅವಕಾಶ ಆಕೆಗೆ ಅಲ್ಲಿಲ್ಲ. ‘ಅಪ್ಪಾ’ ಎನಿಸಿಕೊಂಡವನ ಲೇಖನಿಯಲ್ಲಿ ‘ಅವ್ವ’ ನಾಚಿಕೆಯ ವಸ್ತುವಾದಳು. 1853ರಲ್ಲಿ ಆಡಳಿತ ಕೈಗೆ ಬಂದ ಆ ತರುಣ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ, ಸೆರೆಯಾದ, ಸೆರೆಮನೆಯಲ್ಲಿ ಟೇಲರನನ್ನು ಕಂಡ. ಅದೇ ವರ್ಷ, ಶಿಕ್ಷೆಯ ಸ್ಥಳಕ್ಕೆ ಒಯ್ಯುವಾಗ, ದಾರಿಯಲ್ಲಿ ಗುಂಡಿಗೆ ಬಲಿಯಾದ. ಒಂದೆಡೆ ಹೆತ್ತವಳು, ಇನ್ನೊಂದೆಡೆ ಆಕೆಯನ್ನು ಹೀನೈಸುವ ಸಾಕುತಂದೆ: ಇವರ ನಡುವೆ ಬೆಳೆದ ಹುಡುಗನ ಮನಸ್ಸನ್ನು ಊಹಿಸುವಾಗ, ಊರ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲ್ ನನಗೆ ಬರಿಯ ಪ್ರೇಕ್ಷಣೀಯ ಸ್ಥಳವಾಗಿ ತೋರುವುದಿಲ್ಲ.

ಹಾಗಾದರೆ ಯಾವ ನಾಚಿಕೆಯನ್ನು ನಂಬಬೇಕು, ಯಾವುದನ್ನು ತೊರೆಯಬೇಕು? ತಂದೆಯ ಹೆಬ್ಬೆಟ್ಟು, ತಾಯಿಯ ಆಡುಮಾತು, ಮನೆಯ ಮಣ್ಣುಗೋಡೆ, ಇವುಗಳ ಬಗೆಗಿನ ನಾಚಿಕೆ ಎರವಲಿನದು. ಅದನ್ನು ಕೊಟ್ಟವರಿಗೆ ಹಿಂತಿರುಗಿಸಬೇಕು. ಆದರೆ ಮಗಳ ಗೆಳೆಯನ ಜಾತಿ ಕೇಳಿ ಚೊಂಬಿನ ನೀರನ್ನು ಹಿಂದಕ್ಕೆಳೆದುಕೊಳ್ಳುವ ತಂದೆಯನ್ನು ಕಂಡು ಮಗಳು ನಾಚಿದರೆ, ಆ ನಾಚಿಕೆ ಅವಳ ಸ್ವಂತ ಗಳಿಕೆ. ಅದನ್ನು ಅವಳು ಜೋಪಾನ ಮಾಡಬೇಕು.

ಹರೆಯದವರಿಗಾಗಿ ಬರೆಯುವ ನಮ್ಮ ಲೇಖಕರು ಈ ವ್ಯತ್ಯಾಸವನ್ನು ತೋರಿಸಿಕೊಡಲೆಂಬುದು ನನ್ನ ಹಂಬಲ. ಜೊತೆಗೆ ಓದುವ ಹುಡುಗಿಯೊಬ್ಬಳು ಮೊದಲ ಬಾರಿ ಹುಡುಗನ ಮನೆಗೆ ಬರುತ್ತಾಳೆಂದು ಇಟ್ಟುಕೊಳ್ಳೋಣ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ತಾಯಿ, ಹಿಟ್ಟಿನ ಕೈಯಲ್ಲೇ ತಿರುಗಿ, ಓಣಿಗೆಲ್ಲ ಕೇಳುವಂತೆ, ‘ಉಂಡಿಯೇನವ್ವಾ?’ ಎಂದು ಕೇಳುತ್ತಾಳೆ. ಹುಡುಗನ ಕಿವಿ ಬಿಸಿಯಾಗುತ್ತದೆ. ಹುಡುಗಿ ನೆಲದ ಮೇಲೆ ಕುಳಿತು, ಬಿಸಿ ರೊಟ್ಟಿಗೆ ಇನ್ನಷ್ಟು ಶೇಂಗಾ ಹಿಂಡಿ ಕೇಳುತ್ತಾಳೆ. ಹೆಸರಲ್ಲದೆ ಬೇರೇನನ್ನೂ ಕೇಳದೆ ತಾಯಿ ಬಡಿಸುತ್ತಾಳೆ. ಮಗ ತನ್ನ ತಾಯಿಯನ್ನು ಅಂದು ತನ್ನ ಕಣ್ಣಿನಿಂದಲೇ ನೋಡುತ್ತಾನೆ. ಅಂತಹ ಒಂದು ಕಥೆ ಕೈಗೆ ಸಿಕ್ಕರೆ ಸಾಕು, ನಮ್ಮ ಹುಡುಗರು ಅದನ್ನು ಎದೆಗವಚಿಕೊಂಡು ಓದಿಯಾರು.