ಮಕ್ಕಳ ಮೂಳೆ ಆಪರೇಷನ್: ಮರಗಟ್ಟಿಸುವ ಮದ್ದಿಗೆ ಸ್ಟೀರಾಯ್ಡ್ ಸೇರಿಸಿದರೆ ಗಾಯ ಮಾಯುವುದಿಲ್ಲವೇ?



ಮಕ್ಕಳು ಮರ ಹತ್ತುತ್ತಾರೆ, ಜಗಲಿಯಿಂದ ಹಾರುತ್ತಾರೆ, ಸೈಕಲ್ಲಿನಿಂದ ಬೀಳುತ್ತಾರೆ. ಚಾಚಿದ ಕೈಯ ಮೇಲೆ ಬಿದ್ದಾಗ ಮೊಣಕೈಗಿಂತ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಮಕ್ಕಳಲ್ಲಿ ಬಹಳ ಸಾಮಾನ್ಯ. ಮೂಳೆ ಜಾಗ ತಪ್ಪಿದ್ದರೆ ಆಪರೇಷನ್ ಮಾಡಿ, ತಂತಿ ಹಾಕಿ ಕೂರಿಸಬೇಕಾಗುತ್ತದೆ. ಸಹಿ ಮಾಡಿಸಿಕೊಳ್ಳುವಾಗ ಡಾಕ್ಟರು, "ನೋವು ಗೊತ್ತಾಗದ ಹಾಗೆ ನರಕ್ಕೆ ಇಂಜೆಕ್ಷನ್ ಕೊಡ್ತೀವಿ, ಅದರ ಜೊತೆ ಸ್ವಲ್ಪ ಸ್ಟೀರಾಯ್ಡ್ ಸೇರಿಸ್ತೀವಿ" ಎನ್ನಬಹುದು. ಸ್ಟೀರಾಯ್ಡ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ತಾಯಂದಿರಿಗೆ ಎದೆ ಧಸಕ್ಕೆನ್ನುತ್ತದೆ. "ಮೂಳೆ ಸವೆಯುತ್ತಂತೆ, ಗಾಯ ಮಾಯೋದಿಲ್ಲವಂತೆ" ಎಂದು ಹೆದರಿ ಆಪರೇಷನ್ನೇ ಬೇಡ ಎನ್ನುವವರೂ ಇದ್ದಾರೆ. ಆದ್ದರಿಂದ ಈ ವಿಷಯವನ್ನು ನಾವು ಸರಿಯಾಗಿ ತಿಳಿದುಕೊಳ್ಳೋಣ.

ಇದು ಎಂಥ ಇಂಜೆಕ್ಷನ್?

ಕೈಗೋ ಕಾಲಿಗೋ ಹೋಗುವ ನರದ ಹತ್ತಿರ ಮದ್ದು ಕೊಟ್ಟು ಆ ಭಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ಕಾಲಿನ ಆಪರೇಷನ್ನಿಗೆ ಚಿಕ್ಕ ಮಕ್ಕಳಿಗೆ ಬೆನ್ನಿನ ಕೆಳತುದಿಯಲ್ಲೂ ಕೊಡುವುದುಂಟು. ಮಕ್ಕಳು ಅಲುಗಾಡದೆ ಇರುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಮೊದಲು ನಿದ್ದೆ ಬರಿಸಿ, ಆಮೇಲೆ ಈ ಇಂಜೆಕ್ಷನ್ ಕೊಡುತ್ತಾರೆ. ಎಚ್ಚರವಾದ ಮೇಲೂ ಕೆಲವು ಗಂಟೆ ಮಗುವಿಗೆ ನೋವು ಇರುವುದಿಲ್ಲ.

ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಸೇರಿಸಿದರೆ ಈ ನೋವಿಲ್ಲದ ಸಮಯ ಹೆಚ್ಚುತ್ತದೆ. ದೊಡ್ಡವರ ಮೇಲೆ ನಡೆದ ಅಧ್ಯಯನಗಳಲ್ಲಿ ಸರಾಸರಿ 6 ಗಂಟೆಯಷ್ಟು ಹೆಚ್ಚು ಕಂಡುಬಂದಿದೆ. ಅದನ್ನು ನರದ ಹತ್ತಿರ ಕೊಡದೆ ರಕ್ತನಾಳಕ್ಕೆ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನ ಸಿಗುತ್ತದೆ. ವಾಂತಿಯೂ ಕಡಿಮೆಯಾಗುತ್ತದೆ. ಮೊದಲ ರಾತ್ರಿ ಮಗು ನಿದ್ದೆ ಮಾಡಿದರೆ ತಾಯಿಗೂ ಅರ್ಧ ಭಾರ ಇಳಿದ ಹಾಗೆ.

ಹಾಗಾದರೆ ಹೆದರಿಕೆ ಎಲ್ಲಿಂದ ಬಂತು?

ಹೆದರಿಕೆಗೆ ಕಾರಣ ಇದೆ. ಗಾಯವಾದ ಮೊದಲ ದಿನಗಳಲ್ಲಿ ಬರುವ ಊತ ನಮಗೆ ಕಷ್ಟ ಕೊಟ್ಟರೂ, ಗಾಯ ಮಾಯಿಸುವ ಕೆಲಸ ಶುರುವಾಗುವುದು ಅಲ್ಲಿಂದಲೇ. ಸ್ಟೀರಾಯ್ಡ್ ಊತವನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೂಳೆ ಕಟ್ಟುವ ಜೀವಕೋಶಗಳು ಸೊರಗುತ್ತವೆ, ಊಟದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಇದೆಲ್ಲ ನಿಜ.

ಆದರೆ ದಿನಾ ನುಂಗುವುದು ಬೇರೆ, ಆಪರೇಷನ್ ದಿನ ಒಂದೇ ಸಲ ಕೊಡುವುದು ಬೇರೆ. ಒಂದು ಡೋಸ್ ಎರಡು ಮೂರು ದಿನದೊಳಗೆ ತನ್ನ ಕೆಲಸ ಮುಗಿಸುತ್ತದೆ. ಮೂಳೆ ಕೂಡುವ ಕೆಲಸ ವಾರಗಟ್ಟಲೆ ನಡೆಯುತ್ತದೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ 8,700ಕ್ಕೂ ಹೆಚ್ಚು ದೊಡ್ಡವರನ್ನು ಗಮನಿಸಿದರು. ರಕ್ತನಾಳಕ್ಕೆ ಒಂದು ಡೋಸ್ ಡೆಕ್ಸಾಮೆಥಾಸೋನ್ ಪಡೆದವರಲ್ಲಿ ನೂರಕ್ಕೆ 8.1, ಪಡೆಯದವರಲ್ಲಿ ನೂರಕ್ಕೆ 9.1 ಮಂದಿಗೆ ಗಾಯದಲ್ಲಿ ಸೋಂಕಾಯಿತು. ಅಂದರೆ ಒಂದು ಡೋಸಿನಿಂದ ಸೋಂಕು ಹೆಚ್ಚಲಿಲ್ಲ. ಇದು ದೊಡ್ಡವರ ಲೆಕ್ಕ. ಮಕ್ಕಳಲ್ಲಿಯೂ ಒಂದು ಡೋಸಿನಿಂದ ಮೂಳೆ ಕೂಡುವುದು ತಡವಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಅಂಶ ಒಂದೆರಡು ದಿನ ಏರಬಹುದು.

ಆಪರೇಷನ್ನಿಗೆ ಮೊದಲು ಡಾಕ್ಟರಿಗೆ ಇದನ್ನು ಹೇಳಲೇಬೇಕು

- ಮಗುವಿಗೆ ಸಕ್ಕರೆ ಕಾಯಿಲೆ ಇದೆಯೇ? ಜ್ವರ ಅಥವಾ ಮೈಮೇಲೆ ಕೀವುಗಾಯ ಇದೆಯೇ?
- ಉಬ್ಬಸಕ್ಕೋ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆಗೋ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದೆಯೇ? ಅಂಥ ಮಾತ್ರೆಯನ್ನು ನಾವಾಗಿಯೇ ತಟ್ಟನೆ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ.
- ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ?

ಸ್ಟೀರಾಯ್ಡ್ ಯಾಕೆ, ಎಷ್ಟು, ನರಕ್ಕೋ ರಕ್ತನಾಳಕ್ಕೋ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿ. ಕೇಳುವುದು ನಮ್ಮ ಹಕ್ಕು, ಅದರಲ್ಲಿ ನಾಚಿಕೆ ಬೇಡ.

ಮರಗಟ್ಟಿದ ಕೈಕಾಲಿನ ಮೇಲೆ ಕಣ್ಣಿರಲಿ

ನಿಜವಾದ ಅಪಾಯ ಇಲ್ಲಿದೆ. ಮರಗಟ್ಟಿದ ಕೈಗೆ ಬಿಸಿ ತಗಲಿದರೂ, ಮೈಯಡಿ ಸಿಕ್ಕಿದರೂ ಮಗುವಿಗೆ ಗೊತ್ತಾಗುವುದಿಲ್ಲ. ಪಟ್ಟಿಯ ಒಳಗೆ ಊತ ಹೆಚ್ಚಾಗಿ ರಕ್ತ ಓಡಾಟ ನಿಂತರೆ, ಅದನ್ನು ತಿಳಿಸುವ ನೋವೂ ಮರೆಯಾಗಬಹುದು. ಆದ್ದರಿಂದ ಕೈಯನ್ನು ದಿಂಬಿನ ಮೇಲೆ ಎತ್ತರಿಸಿಡಿ. ರಾತ್ರಿಯೂ ಗಂಟೆಗೊಮ್ಮೆ ಬೆರಳು ನೋಡಿ. ಬೆರಳು ತಣ್ಣಗಾದರೆ, ಬಿಳಿಚಿದರೆ, ನೀಲಿಯಾದರೆ, ಬಹಳ ಊದಿದರೆ, ಬೆರಳು ನೀಡಿಸಿದಾಗ ಮಗು ಚೀರಿದರೆ, ಮದ್ದು ಕೊಟ್ಟರೂ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಯಲ್ಲಿದ್ದರೆ ಸಿಸ್ಟರನ್ನು ಕರೆಯಿರಿ, ಮನೆಯಲ್ಲಿದ್ದರೆ ಕೂಡಲೇ ಹೊರಡಿ. ಕೆಲವು ಗಂಟೆ ತಡವಾದರೂ ಕೈ ಶಾಶ್ವತವಾಗಿ ಸೊಟ್ಟಗಾಗಬಹುದು. ಬಿಗಿಯಾದ ನಾಟಿ ಕಟ್ಟಿನಿಂದಲೂ ಇದೇ ಅಪಾಯ ಉಂಟು.

ಜೋಮು ಇಳಿದ ಮೇಲೆ ನೋವು ಒಮ್ಮೆಗೇ ಬರುತ್ತದೆ. ಡಾಕ್ಟರು ಬರೆದ ನೋವಿನ ಔಷಧಿಯನ್ನು ಹೇಳಿದ ಹೊತ್ತಿಗೇ ಕೊಡಿ, ಮಗು ಅಳುವ ತನಕ ಕಾಯಬೇಡಿ. ಮುಂದಿನ ದಿನಗಳಲ್ಲಿ ಜ್ವರ, ಕೀವು, ಕೆಟ್ಟ ವಾಸನೆ ಕಂಡರೆ ತೋರಿಸಿ.

ಕೊನೆಯದಾಗಿ ಒಂದು ಮಾತು. ಆಸ್ಪತ್ರೆಯಲ್ಲಿ ಒಂದು ಸಲ ಕೊಟ್ಟ ಸ್ಟೀರಾಯ್ಡಿಗೆ ಹೆದರುವ ನಾವೇ, ಮಂಡಿನೋವಿಗೆಂದು ಚೀಟಿ ಇಲ್ಲದೆ ಅಂಗಡಿಯಿಂದ ಅದೇ ಜಾತಿಯ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತೇವೆ. ಮೂಳೆ ಸವೆಸುವುದು ಅದು. ಮುಂದಿನ ವಾರದ ಸಂಘದ ಸಭೆಗೆ ನಿಮ್ಮ ಮನೆಯ ಮಾತ್ರೆ ಚೀಟಿಗಳನ್ನು ತನ್ನಿ. ಒಟ್ಟಿಗೆ ಕೂತು ನೋಡೋಣ, ಗೊತ್ತಾಗದ್ದನ್ನು ಆರೋಗ್ಯ ಕೇಂದ್ರದ ಡಾಕ್ಟರಲ್ಲಿ ಕೇಳೋಣ.