ರಿಪೇರಿಯಾದ ಮೇಲೂ ಹೊರಡದ ಕಾರು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಒಂದು ಕಾಲಕ್ಕೆ ಅಂಬಾಸಡರ್ ಇಲ್ಲವೆ ಫಿಯೆಟ್ ಅಲ್ಲದ ಕಾರು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿದ್ದ ಫಿಯೆಟ್ಟಿನ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. ಆದರೂ ತಂದೆ ಕೊಂಡ ಕಾರೆಂಬ ಅಭಿಮಾನದಿಂದ ಅದನ್ನು ಶೆಡ್ಡಿನಲ್ಲಿ ಜೋಪಾನವಾಗಿಟ್ಟುಕೊಂಡ ಮನೆತನಗಳು ಇನ್ನೂ ಉಂಟು.

ಈ ಫಿಯೆಟ್ಟಿಗೂ ಭದ್ರಾವತಿಗೂ ದೂರದ ನಂಟೊಂದಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮೊದಲ ವರ್ಷಗಳಲ್ಲಿ ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರೇ, 1930ರ ದಶಕದಲ್ಲಿ ಭಾರತಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ಸಿದ್ಧಪಡಿಸಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದವರು. ಸರ್ಕಾರದ ಬೆಂಬಲ ಸಾಲದೆ ಅದು ಅವರ ಕೈಯಲ್ಲಿ ಕಾರ್ಯರೂಪಕ್ಕೆ ಬರಲಿಲ್ಲ. ಆ ಪ್ರಯತ್ನದಲ್ಲಿ ಪಾಲುಗೊಂಡಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಫಿಯೆಟ್ ಕಾರುಗಳು ಹೊರಬಂದದ್ದು ಅಲ್ಲಿಂದಲೇ.

ಅದು ಹಾಗಿರಲಿ. ಇಂಥ ಕಾರಿನ ಯಜಮಾನರಿಗೆ ಬರುವ ಅತ್ಯಂತ ದೊಡ್ಡ ಸಂಕಟ, ಕಾರು ಕೆಟ್ಟಾಗ ಬರುವುದಲ್ಲ. ರಿಪೇರಿಯಾದ ಮೇಲೆ ಬರುವುದು. ಇಂಜಿನ್ನು ಬಿಚ್ಚಿ, ರಿಂಗು ಬೇರಿಂಗುಗಳನ್ನು ಬದಲಿಸಿ, ಬಣ್ಣ ಹೊಡೆಸಿ, ಹಣ ಎಣಿಸಿಕೊಟ್ಟದ್ದಾಗಿದೆ. ಕೀಲಿ ತಿರುಗಿಸಿದರೆ ಸೆಲ್ಫು ಗರಗರ ಎನ್ನುತ್ತದೆ, ಕಾರು ಮಾತ್ರ ಹೊರಡುವುದಿಲ್ಲ. ಮೇಸ್ತ್ರಿ ಕಾಯಿಲ್ ಬದಲಿಸೋಣ ಎನ್ನುತ್ತಾನೆ, ಮರುದಿನ ಕಾರ್ಬೊರೇಟರ್, ಅದರ ಮರುದಿನ ಬ್ಯಾಟರಿ. ಮನೆಯವರು ತಾಳ್ಮೆ ಕಳೆದುಕೊಂಡು, "ಗುಜರಿಯವನಿಗೆ ಕೊಟ್ಟುಬಿಡಿ" ಎನ್ನುವ ಘಟ್ಟ ಬರುವುದು ಇಲ್ಲಿಯೇ. ನಿಜಕ್ಕೂ ಎಷ್ಟೋ ಒಳ್ಳೆಯ ಕಾರುಗಳು ಗುಜರಿ ಸೇರಿದ್ದು ತುಕ್ಕಿನಿಂದಲ್ಲ, ಹೀಗೆ ಬೇಸತ್ತ ಮನಸ್ಸಿನಿಂದ.

ಬಿಚ್ಚುವ ಮೊದಲು ಹೊರಡುತ್ತಿದ್ದ ಕಾರು ಕೂಡಿಸಿದ ಮೇಲೆ ಹೊರಡದಿದ್ದರೆ, ದೋಷ ಬಹುಪಾಲು ಕೈಯಾಡಿಸಿದ ಜಾಗದಲ್ಲಿಯೇ ಇರುತ್ತದೆ. ಮುಟ್ಟದೆ ಇದ್ದ ಕಾಯಿಲ್ ಅದೇ ವಾರ ಸಾಯಬೇಕೆಂಬ ನಿಯಮವೇನೂ ಇಲ್ಲ. ಆದ್ದರಿಂದ ಹೊಸ ಸಾಮಾನು ಕೊಳ್ಳುವ ಮೊದಲು, ಏನೇನು ಬಿಚ್ಚಿದಿರಿ ಎಂದು ಮೇಸ್ತ್ರಿಯನ್ನು ಸಮಾಧಾನದಿಂದ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಲೇಸು. ಕೇಳುವ ಧ್ವನಿಯಲ್ಲಿ ಆಪಾದನೆ ಇಣುಕಿದರೆ ಉತ್ತರ ಸರಿಯಾಗಿ ಬರುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸೆಲ್ಫು ನಿಧಾನವಾಗಿ ನರಳುತ್ತಿದ್ದರೆ ಮೊದಲು ನೋಡಬೇಕಾದದ್ದು ಅರ್ಥಿಂಗ್ ಪಟ್ಟಿಯನ್ನು. ಇಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೂ ಬಾಡಿಗೂ ವಿದ್ಯುತ್ ಸಂಬಂಧ ಕಲ್ಪಿಸುವುದು ಹೆಣೆದ ತಂತಿಯ ಒಂದು ಪಟ್ಟಿ. ಇಂಜಿನ್ನು ಇಳಿಸಿದವರು ಅದನ್ನು ಮರಳಿ ಕಟ್ಟಲು ಮರೆತರೆ, ಅಥವಾ ಅದು ಕೂರುವ ಜಾಗಕ್ಕೂ ಹೊಸ ಬಣ್ಣ ಬಳಿದಿದ್ದರೆ, ಕರೆಂಟು ಬೇರೆ ದಾರಿ ಹುಡುಕುತ್ತದೆ. ಕೆಲವೊಮ್ಮೆ ಚೋಕಿನ ತಂತಿಯೇ ಆ ದಾರಿಯಾಗಿ, ಬಿಸಿಯಾಗಿ ಹೊಗೆಯಾಡುವುದುಂಟು! ಒಂದು ದಪ್ಪ ಕೇಬಲ್ಲನ್ನು ಬ್ಯಾಟರಿಯ ಅರ್ಥ್ ತುದಿಯಿಂದ ನೇರವಾಗಿ ಇಂಜಿನ್ನಿಗೆ ಹಿಡಿದು ನೋಡಿದರೆ ಸತ್ಯ ಹೊರಬೀಳುತ್ತದೆ. ಅರ್ಥಿಂಗ್ ಸರಿಯಿದ್ದರೆ, ಹೊಸ ರಿಂಗುಗಳ ಬಿಗಿತವೂ ಕಾರಣವಾಗಿರಬಹುದು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫು ತಿರುಗುವಾಗ ಅದು 9ಕ್ಕಿಂತ ಕೆಳಗಿಳಿದರೆ, ಇಂಜಿನ್ನು ತಿರುಗಿದರೂ ಕಿಡಿಗೆ ಬಲವಿರುವುದಿಲ್ಲ.

ಸೆಲ್ಫು ಚುರುಕಾಗಿಯೇ ತಿರುಗುತ್ತಿದ್ದರೆ ಕಿಡಿಯ ಪರೀಕ್ಷೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವೆ ಕೂರುವ ದಪ್ಪ ತಂತಿಯನ್ನು ಕಿತ್ತು, ಒಣಗಿದ ಮರದ ಚಿಮುಟದಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನ್ನಿನ ಲೋಹದಿಂದ ಕಾಲು ಅಂಗುಲ ದೂರದಲ್ಲಿಡಬೇಕು. ಇನ್ನೊಬ್ಬರು ಸೆಲ್ಫು ತಿರುಗಿಸಬೇಕು. ಅದರಲ್ಲಿ ಹರಿಯುವುದು ಸಾವಿರಾರು ವೋಲ್ಟು. ಬರಿಗೈಯಲ್ಲಿ ಹಿಡಿಯುವ ಸಾಹಸ ಬೇಡ. ಪೆಟ್ರೋಲಿನ ವಾಸನೆ ಇದ್ದರಂತೂ ಈ ಪರೀಕ್ಷೆಯನ್ನೇ ಮಾಡಕೂಡದು. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟು, ಕಂಡೆನ್ಸರುಗಳು ನಿರ್ದೋಷಿಗಳು.

ಹಾರದಿದ್ದರೆ, ಹೊಸದಾಗಿ ಹಾಕಿದ ಪಾಯಿಂಟಿನ ಮೇಲೆಯೇ ಸಂಶಯ. ಪಾಯಿಂಟಿನ ಸ್ಪ್ರಿಂಗು ಹಾಗೂ ತಂತಿಗಳು ಸೇರುವ ಬೋಲ್ಟಿಗೆ ಫೈಬರಿನ ಪುಟ್ಟ ವಾಷರುಗಳಿವೆ. ಹುಣಸೆಬೀಜಕ್ಕಿಂತ ಚಿಕ್ಕವು. ಅವುಗಳ ಕ್ರಮ ಒಂದಿಷ್ಟು ತಪ್ಪಿದರೆ ಕರೆಂಟು ನೇರವಾಗಿ ಬಾಡಿಗೆ ಹರಿದುಹೋಗಿ ಕಿಡಿಯೇ ಹುಟ್ಟುವುದಿಲ್ಲ. ಇದನ್ನು ಪತ್ತೆಹಚ್ಚಲು ಒಂದು 12 ವೋಲ್ಟಿನ ಬಲ್ಬು ಸಾಕು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೆ ಬಲ್ಬಿನ ಒಂದು ತಂತಿ, ಇಂಜಿನ್ನಿಗೆ ಇನ್ನೊಂದು. ಕೀಲಿ ಹಾಕಿ ಇಂಜಿನ್ನನ್ನು ಮೆಲ್ಲಗೆ ತಿರುಗಿಸಿದರೆ, ಪಾಯಿಂಟು ತೆರೆದಾಗ ಬಲ್ಬು ಹೊತ್ತಬೇಕು, ಮುಚ್ಚಿದಾಗ ಆರಬೇಕು. ಸದಾ ಹೊತ್ತಿಯೇ ಇದ್ದರೆ ಪಾಯಿಂಟುಗಳು ಒಂದನ್ನೊಂದು ಮುಟ್ಟುತ್ತಿಲ್ಲ, ಇಲ್ಲವೆ ತುಕ್ಕು ಹಿಡಿಯದಿರಲೆಂದು ಹೊಸ ಪಾಯಿಂಟಿಗೆ ಸವರಿದ ಎಣ್ಣೆಯನ್ನು ಯಾರೂ ಒರೆಸಿಲ್ಲ. ಹೊತ್ತಲೇ ಇಲ್ಲವೆಂದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ. ಬರುತ್ತಿದ್ದರೆ ವಾಷರು ತಪ್ಪಿದೆ ಅಥವಾ ಕಂಡೆನ್ಸರು ಕೆಟ್ಟಿದೆ. ಅಂಬಾಸಡರಿನ ಬ್ರಿಟಿಷ್ ಮೂಲದ ಪೆಟ್ರೋಲ್ ಇಂಜಿನ್ನಿಗೆ ಪಾಯಿಂಟಿನ ಅಂತರ ಸುಮಾರು 0.015 ಅಂಗುಲ, ಪ್ಲಗ್ಗಿನದು 0.025.

ಕಿಡಿಯಿದ್ದೂ ಹೊರಡದೆ, ಕಾರ್ಬೊರೇಟರಿನಿಂದ ಸೀನುತ್ತ, ಸೈಲೆನ್ಸರಿನಿಂದ ಪಟಾಕಿ ಹಾರಿಸುತ್ತಿದ್ದರೆ ಅದು ಟೈಮಿಂಗಿನ ತಪ್ಪು. ಇಂಜಿನ್ನು ಎರಡು ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು ತಿರುಗುತ್ತದೆ. ಆದ್ದರಿಂದ ಒಂದನೆಯ ಪಿಸ್ಟನ್ನು ತುದಿಗೇರುವುದು ಎರಡು ಸಲ: ಒಮ್ಮೆ ಹಬೆಯನ್ನು ಒತ್ತಿ, ಇನ್ನೊಮ್ಮೆ ಹೊಗೆಯನ್ನು ಹೊರದೂಡಿ. ಎರಡನೆಯದನ್ನೇ ಮೊದಲನೆಯದೆಂದು ಭಾವಿಸಿ ಕೂಡಿಸಿದರೆ ಎಲ್ಲವೂ ಅರ್ಧ ಸುತ್ತು ಆಚೀಚೆ. ಒಂದನೆಯ ಪ್ಲಗ್ಗನ್ನು ಕಳಚಿ, ರಂಧ್ರದ ಮೇಲೆ ಹೆಬ್ಬೆರಳಿಟ್ಟು, ಹ್ಯಾಂಡಲಿನಿಂದ ತಿರುಗಿಸಬೇಕು. ಗಾಳಿ ಬೆರಳನ್ನು ದೂಡುತ್ತ ಪಿಸ್ಟನ್ನು ತುದಿಗೆ ಬಂದ ಕ್ಷಣದಲ್ಲಿ ರೋಟರಿನ ಮೂತಿ ಒಂದನೆಯ ಪ್ಲಗ್ಗಿನ ತಂತಿಯ ಕಡೆಗಿರಬೇಕು. ಎದುರು ದಿಕ್ಕಿಗಿದ್ದರೆ ಇಂಜಿನ್ನು ಬಿಚ್ಚಬೇಕಾಗಿಲ್ಲ. ಅಂಬಾಸಡರ್ ಫಿಯೆಟ್‌ಗಳೆರಡರಲ್ಲೂ ಕಿಡಿಯ ಕ್ರಮ 1-3-4-2. ಒಂದು ಮತ್ತು ನಾಲ್ಕನೆಯ, ಎರಡು ಮತ್ತು ಮೂರನೆಯ ತಂತಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಬೆರಳನ್ನು ಯಾವ ಗಾಳಿಯೂ ದೂಡದಿದ್ದರೆ ಮಾತ್ರ ಟ್ಯಾಪೆಟ್ಟುಗಳು ಅತಿ ಬಿಗಿಯಾಗಿವೆಯೇ ಎಂದು ನೋಡಬೇಕು. ವಾಲ್ವು ಪೂರ್ತಿ ಮುಚ್ಚದಿದ್ದರೆ ಒತ್ತಡ ನಿಲ್ಲುವುದಿಲ್ಲ.

ಪೆಟ್ರೋಲಿನ ವಿಷಯ ಇಷ್ಟು ತೊಡಕಲ್ಲ. ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತ ಕಾರಿನ ಕಾರ್ಬೊರೇಟರು ಬತ್ತಿಹೋಗಿರುತ್ತದೆ. ಪಂಪಿಗೆ ಕೈಸನ್ನೆಯಿದ್ದರೆ ಅದರಿಂದ ಒತ್ತಿ ತುಂಬಿಸಬಹುದು. ಪಂಪಿನ ಎರಡು ಪೈಪುಗಳು ಅದಲುಬದಲಾಗಿದ್ದರೂ ಪೆಟ್ರೋಲು ಮೇಲೇರದು. ಇನ್ನೊಂದು ಸಂಗತಿ ಹಿಂದಿನವರಿಗೆ ಇರದಿದ್ದದ್ದು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಅದು ಹಳೆಯ ರಬ್ಬರಿನ ಪೈಪನ್ನೂ ಪಂಪಿನ ಪೊರೆಯನ್ನೂ ಮೆತ್ತಗಾಗಿಸುತ್ತದೆ, ತೇವವನ್ನು ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕಸವನ್ನು ಸಡಿಲಿಸಿ ತಂದು ಫಿಲ್ಟರನ್ನು ಕಟ್ಟಿಸುತ್ತದೆ. ಹೇಗೂ ರಿಪೇರಿಗೆ ಬಿಟ್ಟಾಗ ಎಥನಾಲ್ ತಾಳುವ ಪೈಪುಗಳನ್ನು ಹಾಕಿಸುವುದು ದುಂದಲ್ಲ. ಸೋರುವ ಪೈಪು ಕಾರನ್ನು ನಿಲ್ಲಿಸುವುದಷ್ಟೇ ಅಲ್ಲ, ಸುಡುವ ಸಂಭವವೂ ಉಂಟು.

ಮಲೆನಾಡಿನ ಸೆರಗಿನಲ್ಲಿರುವ ಈ ಊರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಇನ್ನೊಂದು ಪೀಡೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕಟ್ಟಿ ಕಿಡಿ ದಾರಿ ತಪ್ಪುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಹೊರಡುವ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದವರುಂಟು.

ಇಷ್ಟಾಗಿ ಕಾರು ಹೊರಟಿತೆಂದುಕೊಳ್ಳೋಣ. ಹೆಡ್ಡು ಬಿಚ್ಚಿ ಹಾಕಿದ್ದರೆ ಮೊದಲ ಐದುನೂರು ಕಿಲೋಮೀಟರಿನ ಬಳಿಕ ಅದರ ನಟ್ಟುಗಳನ್ನು ಮತ್ತೊಮ್ಮೆ ಅಳತೆಗೆ ಬಿಗಿಸಿ, ಟ್ಯಾಪೆಟ್ಟನ್ನೂ ನೋಡಬೇಕು. ಶಿವಮೊಗ್ಗದಿಂದ ಭದ್ರಾವತಿಗೆ ಹನ್ನೆರಡು ಹದಿಮೂರು ಸಲ ಹೋಗಿಬಂದರೆ ಆ ಲೆಕ್ಕ ತುಂಬುತ್ತದೆ. ಅಷ್ಟು ದಿನ ಇಂಜಿನ್ನನ್ನು ರೇಗಿಸದೆ, ಮುಂದಿನ ಬಸ್ಸನ್ನು ಹಿಂದಿಕ್ಕುವ ಹಂಬಲ ಬಿಟ್ಟು ಓಡಿಸುವುದು.