ಹಳೆ ಜೀಪಿನ ಗೇರ್ ಹಾರುತ್ತಾ? ಬಾಕ್ಸ್ ಬದಲಿಸೋ ಮುಂಚೆ ಇದನ್ನು ಓದಿ

ತುಮಕೂರು: ದೇವರಾಯನದುರ್ಗದ ಇಳಿಜಾರು. ಎರಡನೇ ಗೇರ್‌ನಲ್ಲಿ ಇಳೀತಿರೋ ಹಳೆ ಜೀಪು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ 'ಟಕ್' ಅಂತ ನ್ಯೂಟ್ರಲ್‌ಗೆ ಬಂದ್ರೆ ಏನಾಗುತ್ತೆ? ಎಂಜಿನ್ ಹಿಡಿತ ಹೋಯ್ತು. ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿತ್ತು. ಹಳೆ ಜೀಪುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಬಿಸಿಯಾದಷ್ಟೂ ಹಿಡಿತ ಕಡಿಮೆ. ಹಿಂದೆ ಅಡಿಕೆ ಮೂಟೆನೋ ಮನೆ ಮಂದಿನೋ ಇದ್ರೆ ಆಮೇಲಿನದ್ದು ಹೇಳಬೇಕಾಗಿಲ್ಲ.

ಗುಬ್ಬಿ, ಕುಣಿಗಲ್ ಕಡೆ ತೆಂಗು-ಅಡಿಕೆ ತೋಟದ ಮನೆಗಳಲ್ಲಿ ಇಂಥ ಜೀಪುಗಳು ಇನ್ನೂ ದುಡೀತಿವೆ. ಗೇರ್ ಹಾರುತ್ತೆ ಅಂತ ಹೋದವರಿಗೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: "ಬಾಕ್ಸ್ ಹೋಗಿದೆ, ಗುಜರಿಯಿಂದ ಬೇರೆ ತಂದು ಕೂರಿಸಿಬಿಡಿ." ಆದರೆ ಆ ಗುಜರಿ ಬಾಕ್ಸಿನ ಒಳಗೆ ಏನಿದೆ ಅನ್ನೋದು ಮಾರೋರಿಗೂ ಗೊತ್ತಿರಲ್ಲ, ತಗೊಳ್ಳೋರಿಗೂ ಗೊತ್ತಿರಲ್ಲ. ನಿಮ್ಮ ಸವೆದ ಬಾಕ್ಸ್ ಕೊಟ್ಟು ಇನ್ಯಾರದೋ ಸವೆದ ಬಾಕ್ಸ್ ತಂದ ಹಾಗೆ.

ಇಡೀ ಗೇರ್ ಬಾಕ್ಸ್ ಒಂದೇ ಸಲ ಹಾಳಾಗೋದು ಅಪರೂಪ. ಒಳಗಿನ ಸಣ್ಣ ಸ್ಪ್ರಿಂಗ್, ರಿಂಗ್, ರೋಲರ್, ವಾಷರ್ ಮೊದಲು ಸವೆಯುತ್ತವೆ. ಅವನ್ನ ಕ್ರಮವಾಗಿ ನೋಡಿ ಬದಲಿಸಿದ್ರೆ ಹಳೆ ಬಾಕ್ಸೇ ಇನ್ನೂ ಎಷ್ಟೋ ವರ್ಷ ನಡೆಯುತ್ತೆ. ಹೇಗೆ ಅನ್ನೋದು ಇಲ್ಲಿದೆ.

ಯಾವ ಜೀಪು, ಯಾವ ಬಾಕ್ಸು?

ಮಹೀಂದ್ರ ಕಂಪನಿ ಭಾರತದಲ್ಲಿ ವಿಲ್ಲಿಸ್ ಜೀಪ್ ಜೋಡಿಸೋಕೆ ಶುರು ಮಾಡಿದ್ದು 1947ರಲ್ಲಿ. ಮುಂದೆ ಇಲ್ಲೇ ತಯಾರಾದ ಸಿಜೆ-3ಬಿ ಮಾದರಿಯ ಜೀಪುಗಳಿಗೆ ಇದ್ದದ್ದು ಅಮೆರಿಕದ ಬೋರ್ಗ್ ವಾರ್ನರ್ ವಿನ್ಯಾಸದ ಟಿ-90 ಅನ್ನೋ ಮೂರು ಗೇರಿನ ಬಾಕ್ಸ್. ಅದರ ಬೆನ್ನಿಗೇ ಬೋಲ್ಟ್ ಆಗಿರೋದು ಸ್ಪೈಸರ್-18 ಟ್ರಾನ್ಸ್‌ಫರ್ ಕೇಸ್. ಫೋರ್ ವೀಲ್‌ಗೆ ಒಂದು, ಹೈ-ಲೋಗೆ ಒಂದು ಅಂತ ಗೇರ್ ರಾಡ್ ಪಕ್ಕ ಎರಡು ಗಿಡ್ಡ ಲಿವರ್ ಇದ್ದಾವಲ್ಲ, ಅವು ಇದರದ್ದು. ಲೋನಲ್ಲಿ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆಯೋ ಶಕ್ತಿ ಅಷ್ಟೇ ಏರುತ್ತೆ.

ಆಮೇಲೆ ಬಂದ ಎಂಎಂ-540, ಮೇಜರ್ ಜೀಪುಗಳಲ್ಲಿ ನಾಲ್ಕು ಗೇರಿನ ಕೆಎಂಟಿ-90 ಬಾಕ್ಸ್ ಕೂಡ ಕಾಣುತ್ತೆ. ಅದರ ಬಿಡಿಭಾಗ ಬೇರೆ, ಪರೀಕ್ಷೆ ಮಾಡೋ ಕ್ರಮ ಹೆಚ್ಚುಕಮ್ಮಿ ಇದೇ. ಕೆಳಗೆ ಹೇಳಿರೋದು ಮೂರು ಗೇರಿನ ಟಿ-90 ಬಗ್ಗೆ.

ಒಳಗೆ ನಡೆಯೋದೇನು?

ಎಂಜಿನ್ ಕಡೆಯಿಂದ ಇನ್‌ಪುಟ್ ಶಾಫ್ಟ್ ಬರುತ್ತೆ. ಕೆಳಗೆ ನಾಲ್ಕು ಗೇರು ಒಂದೇ ತುಂಡಾಗಿರೋ ಕ್ಲಸ್ಟರ್ ಗೇರ್ ತಿರುಗ್ತಾ ಇರುತ್ತೆ. ಮೇಲೆ ಮೇನ್ ಶಾಫ್ಟ್. ಒಂದು, ಎರಡು, ರಿವರ್ಸ್‌ನಲ್ಲಿ ಶಕ್ತಿ ಕ್ಲಸ್ಟರ್‌ಗೆ ಇಳಿದು ಮತ್ತೆ ಮೇಲೆ ಹತ್ತುತ್ತೆ. ಮೂರನೇ ಗೇರ್ ಹಾಗಲ್ಲ, ನೇರ ಸಂಪರ್ಕ: ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ಒಂದೇ ಆಗಿ ತಿರುಗ್ತವೆ. ಕ್ಲಸ್ಟರ್ ತಿರುಗಿದ್ರೂ ಅದರ ಮೇಲೆ ಭಾರ ಇರಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಶಬ್ದ ಪತ್ತೆ ಮಾಡೋಕೆ ಬೇಕಾಗುತ್ತೆ.

ಎರಡು ಮತ್ತು ಮೂರಕ್ಕೆ ಮಾತ್ರ ಸಿಂಕ್ರೋ ರಿಂಗ್ ಇದೆ. ಓಡೋ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಂಬಿ ಹಿಡಿದು ಹತ್ತುತ್ತೀವಲ್ಲ, ಆ ಓಡೋ ಕೆಲಸ ಈ ಹಿತ್ತಾಳೆ ಬಣ್ಣದ ರಿಂಗಿಂದು. ಗೇರಿನ ಕೋನ್ ಮೇಲೆ ಉಜ್ಜಿ ಎರಡರ ವೇಗ ಸಮ ಮಾಡುತ್ತೆ, ಆಮೇಲೆ ಹಲ್ಲು ಕೂಡುತ್ತೆ. ಒಂದನೇ ಗೇರಿಗೂ ರಿವರ್ಸಿಗೂ ಈ ರಿಂಗೇ ಇಲ್ಲ. ಹಾಗಾಗಿ ಗಾಡಿ ಚಲಿಸ್ತಿರುವಾಗ ಒಂದಕ್ಕೆ ಹಾಕಿದ್ರೆ 'ಗರ್' ಅನ್ನೋದು ರಿಪೇರಿ ವಿಷಯವಲ್ಲ, ಓಡಿಸೋರ ವಿಷಯ.

ಇಳಿಸೋ ಮುಂಚೆ ಕಿವಿಗೆ ಕೆಲಸ ಕೊಡಿ

ಬಾಕ್ಸ್ ಇಳಿಸೋ ಕೂಲಿಯೇ ದೊಡ್ಡದು. ಅದಕ್ಕೆ ಮೊದಲು ಇಷ್ಟು ನೋಡಿ:

• ಎಲ್ಲಾ ಗೇರೂ ಹಾಕುವಾಗ ಕಿರುಗುಟ್ಟಿದ್ರೆ ಮೊದಲು ಕ್ಲಚ್ ನೋಡಿಸಿ. ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂದ್ರೆ ಹೊಸ ಗೇರ್ ಬಾಕ್ಸೂ ಕಿರುಗುಟ್ಟುತ್ತೆ. ಪೆಡಲ್ ಅಡ್ಜಸ್ಟ್‌ನಲ್ಲೇ ಮುಗಿಯೋ ಕೆಲಸ ಇರಬಹುದು.

• ನ್ಯೂಟ್ರಲ್‌ನಲ್ಲಿ ಶಬ್ದ ಇದ್ದು ಕ್ಲಚ್ ಒತ್ತಿದಾಗ ನಿಂತ್ರೆ ಇನ್‌ಪುಟ್ ಬೇರಿಂಗ್ ಅಥವಾ ಕ್ಲಸ್ಟರ್ ರೋಲರ್ ಮೇಲೆ ಅನುಮಾನ. ಕ್ಲಚ್ ಒತ್ತಿದಾಗಲೇ ಶಬ್ದ ಶುರುವಾದ್ರೆ ಅದು ಕ್ಲಚ್ ಬೇರಿಂಗ್.

• ಒಂದು, ಎರಡರಲ್ಲಿ ಶಬ್ದ ಇದ್ದು ಮೂರಕ್ಕೆ ಹಾಕಿದ ತಕ್ಷಣ ಇಳಿದ್ರೆ ತೊಂದರೆ ಕ್ಲಸ್ಟರ್ ಕಡೆ. ಮೂರರಲ್ಲೂ ಒಂದೇ ಸಮ ಊಳಿಡ್ತಿದ್ರೆ ಟ್ರಾನ್ಸ್‌ಫರ್ ಕೇಸ್ ನೋಡಿಸಿ. ಟೂ ವೀಲ್‌ನಲ್ಲಿ ಓಡಿಸಿದ್ರೂ ಅದರ ಗೇರುಗಳ ಮೂಲಕವೇ ಶಕ್ತಿ ಹಿಂದಕ್ಕೆ ಹೋಗೋದು.

• ಎರಡನೇ ಗೇರ್ ಹಾರ್ತಿದ್ರೆ ಮೊದಲು ಗೇರ್ ಬಾಕ್ಸನ್ನ ಬೆಲ್ ಹೌಸಿಂಗ್‌ಗೆ ಹಿಡಿದಿರೋ ಬೋಲ್ಟ್ ಬಿಗಿ ಇದ್ಯಾ, ಕೆಳಗಿನ ಮೌಂಟಿಂಗ್ ರಬ್ಬರ್ ಹರಿದಿದ್ಯಾ ನೋಡಿ. ಆಮೇಲೆ ಫ್ಲೋರ್ ಪ್ಲೇಟ್ ತೆಗೆದು ಮೇಲಿನ ಕವರ್ ಮಾತ್ರ ಬಿಚ್ಚಿ. ಗೇರನ್ನ ಜಾಗದಲ್ಲಿ ಹಿಡಿಯೋ ಸ್ಪ್ರಿಂಗ್, ಗುಂಡು ಮತ್ತು ಫೋರ್ಕ್ ಅಲ್ಲೇ ಇವೆ. ಸ್ಪ್ರಿಂಗ್ ಮೆತ್ತಗಾಗಿದ್ರೆ, ಫೋರ್ಕ್ ಬಾಗಿದ್ರೆ ಅಥವಾ ಸವೆದಿದ್ರೆ ಬಾಕ್ಸ್ ಇಳಿಸದೇ ಕೆಲಸ ಮುಗೀಬಹುದು.

• ಆಯಿಲ್ ಇಳಿಸಿ ಬಿಸಿಲಲ್ಲಿ ನೋಡಿ. ಚಿನ್ನದ ಪುಡಿ ಥರ ಹೊಳೆದ್ರೆ ಸಿಂಕ್ರೋ ರಿಂಗ್ ಸವೆದಿದೆ. ಬೆಳ್ಳಗಿನ ಚೂರು ಸಿಕ್ಕಿದ್ರೆ ಹಲ್ಲು ಅಥವಾ ಬೇರಿಂಗ್ ಹೋಗಿದೆ. ಹಾಲು ಬೆರೆಸಿದ ಟೀ ಥರ ಇದ್ರೆ ನೀರು ಸೇರಿದೆ.

ಇಳಿಸುವಾಗ ಜೋಪಾನ

ಟಿ-90 ಮತ್ತು ಟ್ರಾನ್ಸ್‌ಫರ್ ಕೇಸ್ ಎರಡೂ ಒಟ್ಟಿಗೇ ಇಳಿಯೋದು. ಒಬ್ಬರ ಕೈಲಿ ಆಗೋ ಭಾರವಲ್ಲ. ಇನ್ನೊಂದು ವಿಷಯ ತುಂಬಾ ಜನ ಮರೀತಾರೆ: ಹಳೆ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್‌ನಲ್ಲಿದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ಹ್ಯಾಂಡ್ ಬ್ರೇಕೂ ಇಲ್ಲ, ಗೇರಿನ ಹಿಡಿತವೂ ಇಲ್ಲ. ಚಕ್ರಕ್ಕೆ ಕಲ್ಲೋ ಮರದ ದಿಮ್ಮಿಯೋ ಕೊಡದೇ ಗಾಡಿ ಕೆಳಗೆ ಹೋಗಲೇಬೇಡಿ.

ಬಾಕ್ಸ್ ಹಿಂದಕ್ಕೆ ಎಳೆಯುವಾಗ ಅದರ ಭಾರ ಕ್ಲಚ್ ಪ್ಲೇಟ್ ಮೇಲೆ ಜೋತು ಬೀಳಬಾರದು, ಪ್ಲೇಟ್ ಡೊಂಕಾಗುತ್ತೆ. ಕೆಳಗಿಂದ ಜಾಕ್ ಕೊಟ್ಟು ನೇರವಾಗಿ ಎಳೀಬೇಕು.

ಬಿಚ್ಚೋದರಲ್ಲಿ ಒಂದು ಜಾಣತನ

ಮೊದಲು ಟ್ರಾನ್ಸ್‌ಫರ್ ಕೇಸ್ ಬೇರೆ ಮಾಡ್ಬೇಕು. ಅದರ ಹಿಂದಿನ ಕವರ್ ತೆಗೆದ್ರೆ ಮೇನ್ ಶಾಫ್ಟ್ ತುದಿಯ ನಟ್ ಮತ್ತು ಡ್ರೈವ್ ಗೇರ್ ಸಿಗುತ್ತೆ. ಅವು ಬಿಡದೇ ಕೇಸ್ ಬರಲ್ಲ. ಗೊತ್ತಿಲ್ಲದೇ ಸುತ್ತಿಗೆಯಲ್ಲಿ ಬಡಿದು ಕೇಸ್ ಸೀಳಿಸೋದು ಇಲ್ಲೇ.

ಕ್ಲಸ್ಟರ್ ಗೇರಿನ ಒಳಗೆ ಸೂಜಿ ಥರದ ರೋಲರ್‌ಗಳು ಸಾಲಾಗಿ ಕೂತಿರುತ್ತವೆ. ಶಾಫ್ಟ್ ಸುಮ್ಮನೆ ಹೊಡೆದು ತೆಗೆದ್ರೆ ಅವೆಲ್ಲ ಉದುರುತ್ತವೆ, ಯಾವುದು ಎಲ್ಲಿದ್ದು ಅನ್ನೋ ಲೆಕ್ಕವೇ ತಪ್ಪುತ್ತೆ. ಅದಕ್ಕೆ ಲೇತ್‌ನಲ್ಲಿ ಒಂದು ಡಮ್ಮಿ ಶಾಫ್ಟ್ ಮಾಡಿಸ್ಕೊಳ್ಳಿ: ಕ್ಲಸ್ಟರ್‌ನಷ್ಟೇ ಉದ್ದ, ಅಸಲಿ ಶಾಫ್ಟ್‌ಗಿಂತ ಕೂದಲೆಳೆಯಷ್ಟು ಸಣ್ಣ. ಹಿಂದಿನ ಲಾಕ್ ಪ್ಲೇಟ್ ತೆಗೆದು, ಮುಂದಿನಿಂದ ಡಮ್ಮಿ ತಳ್ಳಿದ್ರೆ ಅಸಲಿ ಶಾಫ್ಟ್ ಹಿಂದಕ್ಕೆ ಬರುತ್ತೆ, ರೋಲರ್ ಇದ್ದಲ್ಲೇ ನಿಲ್ಲುತ್ತವೆ. ಕ್ಲಸ್ಟರ್ ಕೇಸಿನ ತಳಕ್ಕೆ ಇಳಿದು ಮೇನ್ ಶಾಫ್ಟ್ ತೆಗೆಯೋಕೆ ಜಾಗ ಕೊಡುತ್ತೆ. ಇದೇ ಡಮ್ಮಿ ಜೋಡಿಸುವಾಗಲೂ ಬೇಕು.

ಬಿಚ್ಚಿದ್ದನ್ನ ಬಿಚ್ಚಿದ ಕ್ರಮದಲ್ಲೇ ಒಂದು ಗೋಣಿಚೀಲದ ಮೇಲೆ ಸಾಲಾಗಿ ಇಡಿ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೀರಿ.

ಯಾವುದು ಉಳಿಸೋದು, ಯಾವುದು ಎಸೆಯೋದು?

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿ, ಆಮೇಲೆ ತೀರ್ಮಾನ ಮಾಡಿ.

ಗೇರಿನ ಹಲ್ಲಿನ ಮೇಲ್ಪದರ ಮಾತ್ರ ಗಟ್ಟಿ ಮಾಡಿದ ಉಕ್ಕು. ಬರೀ ಹೊಳಪು ಬಂದಿದ್ರೆ ತೊಂದರೆ ಇಲ್ಲ. ಸಿಡುಬಿನ ಕಲೆ ಥರ ಗುಳಿ ಬಿದ್ದು ಪದರ ಎದ್ದಿದ್ರೆ, ಹಲ್ಲು ಮುರಿದಿದ್ರೆ ಆ ಗೇರ್ ಹೋಯ್ತು. ವೆಲ್ಡಿಂಗ್‌ನಲ್ಲಿ ಹಲ್ಲು ತುಂಬಿ ಉಜ್ಜಿ ಕೊಡ್ತೀವಿ ಅಂದ್ರೆ ಒಪ್ಪಬೇಡಿ. ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನ ಹೋಗುತ್ತೆ, ಮುರಿದ ಚೂರು ಉಳಿದ ಒಳ್ಳೆ ಗೇರುಗಳನ್ನೂ ತಿನ್ನುತ್ತೆ.

ಸಿಂಕ್ರೋ ರಿಂಗನ್ನ ಅದರ ಕೋನ್ ಮೇಲೆ ಕೈಯಲ್ಲೇ ಒತ್ತಿ ತಿರುಗಿಸಿ. ಗಪ್ಪಂತ ಹಿಡೀಬೇಕು, ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಸಂದು ಕಾಣಬೇಕು. ಜಾರಿದ್ರೆ, ಸಂದು ಮುಚ್ಚಿಹೋಗಿದ್ರೆ ಹೊಸದು ಹಾಕಿ.

ಕ್ಲಸ್ಟರ್ ಶಾಫ್ಟ್ ಮೇಲೆ ಉಗುರು ಎಳೆಯಿರಿ. ರೋಲರ್ ನೇರವಾಗಿ ಓಡೋದು ಇದರ ಮೇಲೆಯೇ. ಉಗುರಿಗೆ ಗೀರು ಸಿಕ್ಕಿದ್ರೆ ಶಾಫ್ಟೂ ರೋಲರೂ ಎರಡೂ ಬದಲಿಸಿ. ಹಳೆ ರೋಲರ್ ಜೊತೆ ನಾಲ್ಕು ಹೊಸದು ಬೆರೆಸೋದು ಬೇಡ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತೆ. ಆಯಿಲ್ ಸೀಲ್, ಪ್ಯಾಕಿಂಗ್, ಲಾಕ್ ವಾಷರ್, ಥ್ರಸ್ಟ್ ವಾಷರ್‌ಗಳಲ್ಲಿ ಉಳಿತಾಯ ನೋಡಬೇಡಿ.

ಅಂಗಡಿಗೆ ಹೋಗುವಾಗ ಹಳೆ ಭಾಗ ಕೈಯಲ್ಲೇ ಇರಲಿ. ಕೌಂಟರ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಹಲ್ಲು ಎಣಿಸಿ, ಒಳಗಿನ ಗೆರೆಗಳನ್ನೂ ಎಣಿಸಿ. ಟಿ-90ನಲ್ಲೇ ಬೇರೆ ಬೇರೆ ಅನುಪಾತದವು ಇವೆ. ಸ್ಪೇರ್ಸ್ ಅಂಗಡಿಯವರೂ ಎಣಿಸಿಯೇ ಕೊಟ್ಟರೆ ವಾಪಸ್ ಬರೋ ಮಾಲು ಕಡಿಮೆಯಾಗುತ್ತೆ.

ಜೋಡಿಸುವಾಗ ಅಳತೆ

ರೋಲರ್‌ಗಳನ್ನ ಗ್ರೀಸ್ ಹಚ್ಚಿ ಒಂದೊಂದಾಗಿ ಕೂರಿಸಿ, ಡಮ್ಮಿ ಶಾಫ್ಟ್ ಒಳಗಿಟ್ಟು ಇಳಿಸಬೇಕು. ಅಸಲಿ ಶಾಫ್ಟ್ ಹಾಕಿದ ಮೇಲೆ ಕ್ಲಸ್ಟರ್ ಹಿಂದೆ-ಮುಂದೆ ಎಷ್ಟು ಅಲ್ಲಾಡುತ್ತೆ ಅಂತ ಫೀಲರ್ ಗೇಜ್‌ನಲ್ಲಿ ನೋಡಿ. ವಿಲ್ಲಿಸ್ ಮ್ಯಾನ್ಯುಯಲ್ ಹೇಳೋದು 12ರಿಂದ 18 ಥೌ, ಅಂದ್ರೆ ಸುಮಾರು 0.30ರಿಂದ 0.45 ಮಿಲಿಮೀಟರ್. ಜಾಸ್ತಿ ಇದ್ರೆ ಹಿಂದಿನ ಥ್ರಸ್ಟ್ ವಾಷರ್ ದಪ್ಪದ್ದು ಹಾಕಬೇಕು. ಕೈ ಅಂದಾಜಿನ ಮೇಲೆ ಬಿಟ್ಟ ಬಾಕ್ಸ್ ಮತ್ತೆ ಗೇರ್ ಹಾರಿಸಿಕೊಂಡು ಗ್ಯಾರೇಜಿಗೆ ಬರೋದು ಇಂಥ ಕಡೆಯಿಂದಲೇ.

ಮೇಲಿನ ಕವರ್‌ನಲ್ಲಿ ಎರಡು ರಾಡ್ ನಡುವೆ ಒಂದು ಪುಟ್ಟ ಇಂಟರ್‌ಲಾಕ್ ಪಿನ್ ಇದೆ. ಒಂದು ಗೇರ್ ಬಿದ್ದಾಗ ಇನ್ನೊಂದು ಬೀಳದ ಹಾಗೆ ತಡೆಯೋದು ಅದು. ಅದನ್ನ ಮರೆತು ಮುಚ್ಚಿದ್ರೆ ರಸ್ತೆಯಲ್ಲಿ ಎರಡು ಗೇರ್ ಒಟ್ಟಿಗೇ ಬಿದ್ದು ಬಾಕ್ಸ್ ಲಾಕ್ ಆಗುತ್ತೆ. ಗಾಡಿಗೆ ಏರಿಸೋ ಮುಂಚೆ ಬೆಂಚಿನ ಮೇಲೇ ಕೈಯಲ್ಲಿ ತಿರುಗಿಸಿ, ರಿವರ್ಸ್ ಸೇರಿ ಎಲ್ಲಾ ಗೇರೂ ಹಾಕಿ ನೋಡಿ.

ಆಯಿಲ್ 90 ನಂಬರ್, ಜಿಎಲ್-4 ದರ್ಜೆ ಕೇಳಿ. ಜಿಎಲ್-5 ಆಯಿಲಿನಲ್ಲಿರೋ ರಾಸಾಯನಿಕ ಹಿತ್ತಾಳೆ ರಿಂಗಿಗೆ ಆಗಿಬರಲ್ಲ. ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಬೇರೆ ಬೇರೆ ಪ್ಲಗ್ ಇದೆ, ಎರಡೂ ಕಡೆ ತುಂಬಬೇಕು. ಸ್ವಲ್ಪ ದಿನದಲ್ಲೇ ಒಂದು ಕಡೆ ಮಟ್ಟ ಇಳಿದು ಇನ್ನೊಂದು ಕಡೆ ಏರಿದ್ರೆ ನಡುವಿನ ಸೀಲ್ ಕೂತಿಲ್ಲ ಅಂತ ಅರ್ಥ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಒಮ್ಮೆ ಬದಲಿಸಿ.

ಗ್ಯಾರೇಜಿಗೆ ಕೊಡೋರು ಕೇಳಬೇಕಾದ್ದು

ನೀವೇ ಬಿಚ್ಚಬೇಕು ಅಂತೇನಿಲ್ಲ. ಆದರೆ ಬಾಕ್ಸ್ ಬಿಚ್ಚೋ ದಿನ ಅಲ್ಲಿರಿ. ಸವೆದದ್ದು ಯಾವುದು ಅಂತ ತೋರಿಸಿ ಅನ್ನಿ. ಬದಲಿಸಿದ ಹಳೆ ಭಾಗಗಳನ್ನ ವಾಪಸ್ ಕೇಳಿ. ಎಂಡ್ ಪ್ಲೇ ಎಷ್ಟು ಬಂತಣ್ಣ ಅಂತ ಒಂದು ಮಾತು ಕೇಳಿ. ಒಳ್ಳೆ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ, ನಂಬರ್ ಹೇಳ್ತಾರೆ.

ಕಲಿಯೋ ಹುಡುಗರಿಗೆ

ಜೀಪಿನ ಬಾಕ್ಸ್ ಬಿಚ್ಚೋ ಹಳೆ ಕೈಗಳಿಗೆ ವಯಸ್ಸಾಗ್ತಿದೆ. ಹೊಸ ಗಾಡಿಗಳ ಕೆಲಸ ಸ್ಕ್ಯಾನರ್ ಕಡೆ ಹೋಗಿದೆ. ಹಾಗಂತ ಈ ವಿದ್ಯೆ ವ್ಯರ್ಥ ಅಲ್ಲ. ಟ್ರ್ಯಾಕ್ಟರ್, ಟಿಲ್ಲರ್, ಲಾರಿ, ಎಲ್ಲದರ ಬಾಕ್ಸಿನಲ್ಲೂ ಹಲ್ಲು, ಬೇರಿಂಗ್, ಎಂಡ್ ಪ್ಲೇ ಇವೇ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರ್‌ಗಳೂ ರೆಕ್ಕೆ ತಿರುಗಿಸೋದು ಗೇರ್ ಬಾಕ್ಸ್ ಮೂಲಕವೇ. ಅಲ್ಲಿನ ಅಳತೆ ಇನ್ನೂ ಸೂಕ್ಷ್ಮ, ಅಳೆದು ಜೋಡಿಸೋ ಅಭ್ಯಾಸ ಒಂದೇ.

ಐಟಿಐನ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕೋರ್ಸ್ ಎರಡು ವರ್ಷದ್ದು. ಅದಕ್ಕೆ ಸೇರಿದ್ರೂ ಸರಿ, ಕಾಲೇಜು ಬಿಟ್ಟು ಗ್ಯಾರೇಜಿನಲ್ಲಿ ನಿಂತ್ರೂ ಸರಿ, ಗುಜರಿಯಿಂದ ಒಂದು ಸತ್ತ ಬಾಕ್ಸ್ ತೂಕದ ಲೆಕ್ಕದಲ್ಲಿ ತಂದು ಐದಾರು ಸಲ ಬಿಚ್ಚಿ ಜೋಡಿಸಿ. ಗ್ರಾಹಕರ ಗಾಡಿ ಆಮೇಲೆ.

ಓಡಿಸೋರ ಕೈಯಲ್ಲಿರೋದು

ಗೇರ್ ರಾಡ್ ಮೇಲೆ ಕೈ ಊರಿಕೊಂಡು ಓಡಿಸಬೇಡಿ, ಒಳಗೆ ಫೋರ್ಕ್ ಸವೆಯುತ್ತೆ. ಗಾಡಿ ಪೂರ್ತಿ ನಿಂತ ಮೇಲೇ ಒಂದು ಅಥವಾ ರಿವರ್ಸ್ ಹಾಕಿ. ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಬೇಡ, ಮುಂದಿನ-ಹಿಂದಿನ ಚಕ್ರಗಳ ಎಳೆದಾಟವೆಲ್ಲ ಗೇರುಗಳ ಮೇಲೆ ಬೀಳುತ್ತೆ. ಗೇರ್ ಹಾರೋ ಜೀಪಿನಲ್ಲಿ ರಿಪೇರಿ ಆಗೋವರೆಗೂ ಜನ ತುಂಬಿಕೊಂಡು ಬೆಟ್ಟ ಹತ್ತಬೇಡಿ. ಹತ್ತಿದ ಮೇಲೆ ಇಳೀಲೇಬೇಕಲ್ಲ.